ವೇಣು ಲೈಬ್ರರಿಯಲ್ಲಿ ಹನ್ನೊಂದು ತಪ್ಪು

ತೊರಪಲ್ಲಿ ಅಗ್ರಹಾರ,
11-7-2025, ಶುಕ್ರವಾರ

ಪ್ರೀತಿಯ ಬಾವನಿಗೆ ನಿಮ್ಮ ಹೆಂಡತಿ ಸುಗುಣಾಳ ನಮಸ್ಕಾರಗಳು.

ಕಣ್ಣಿನ ಉರಿ ಕಡಿಮೆಯಾಯಿತೇ? ಕತ್ತು, ಭುಜ ಹೇಗಿವೆ? ಮೂರು ವಾರದಿಂದ ಬೋರಲು ಮಲಗಿಯೇ ಇದ್ದೀರಿ, ಊಟಕ್ಕೆ ಎದ್ದರೂ ತಲೆ ತಗ್ಗಿಸಿಯೇ ಕೂರಬೇಕಂತೆ. ಎದೆ ಒತ್ತಿದಂತಾದರೆ ಸಹಿಸಿಕೊಂಡು ಬಿದ್ದಿರಬೇಡಿ, ಅತ್ತಿಗೆಗೆ ಹೇಳಿ ಇನ್ನೊಂದು ಮೆತ್ತನೆಯ ದಿಂಬು ಹಾಕಿಸಿಕೊಳ್ಳಿ. ಬೆಳಿಗ್ಗೆ ಸಕ್ಕರೆ ಎಷ್ಟಿದೆ ಅಂತ ದಿನಾ ನೋಡಿಸುತ್ತಿದ್ದೀರಾ? ಚಂದ್ರಲೇಖಾ ಅತ್ತಿಗೆಗೆ ತಮ್ಮನ ಮೇಲೆ ಪ್ರೀತಿ ಜಾಸ್ತಿ. ತಮ್ಮ ಮಲಗಿದ್ದಾನಲ್ಲ ಅಂತ ಒಬ್ಬಟ್ಟು ಮಾಡಿ ಕೊಟ್ಟಾರು. ತಿಂದಿರೋ, ನನಗೆ ಗೊತ್ತಾಗದೆ ಇರುವುದಿಲ್ಲ.

ಫೋನು ಇರುವಾಗ ಇದೇನು ಕಾಗದ ಅಂತ ಅಂದುಕೊಳ್ಳುತ್ತೀರಿ. ಫೋನಿನಲ್ಲಿ ನೀವು “ಚೆನ್ನಾಗಿದೀನಿ, ಅಪ್ಪನಿಗೆ ಮಾತ್ರೆ ಕೊಟ್ಟೆಯಾ?” ಅಂತ ಎರಡು ಮಾತು ಕೇಳಿ ಅತ್ತಿಗೆಯ ಕೈಗೆ ಕೊಟ್ಟುಬಿಡುತ್ತೀರಿ. ನಾನು ಹೇಳಬೇಕಾದ್ದು ಗಂಟಲಲ್ಲೇ ಉಳಿಯುತ್ತದೆ. ಫೋನಿನ ಬೆಳಕಂತೂ ಕಣ್ಣಿಗೆ ಬೇಡ ಅಂದಿದ್ದಾರೆ. ಹೋದ ಭಾನುವಾರ ಬಂದಾಗ ನೋಡಿದೆನಲ್ಲ, ಮಂಚದ ಅಂಚಿನಿಂದ ಮುಖ ಇಳಿಬಿಟ್ಟುಕೊಂಡು ನೆಲದ ಮೇಲೆ ಇರುವೆ ಹೋಗುವುದನ್ನು ಬಲಗಣ್ಣಿನಲ್ಲಿ ನೋಡುತ್ತಾ ಮಲಗಿದ್ದಿರಿ. ಆ ಇರುವೆ ಕಾಣುವುದಾದರೆ ಅದೇ ಜಾಗದಲ್ಲಿ ಒಂದು ಹಾಳೆ ಇಟ್ಟರೆ ಓದಬಹುದಲ್ಲ ಅನ್ನಿಸಿತು. ಅದಕ್ಕೇ ನಮ್ಮ ಮಗಳು ಮುನಿರತ್ನಳ ಡ್ರಾಯಿಂಗ್ ಪುಸ್ತಕದಲ್ಲಿ ಅವಳದೇ ಕಪ್ಪು ಸ್ಕೆಚ್ ಪೆನ್ನು ಹಿಡಿದು ದಪ್ಪ ದಪ್ಪ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಒಂದು ಪುಸ್ತಕ ಮುಗಿದು ಎರಡನೆಯದಕ್ಕೆ ಬರುತ್ತದೋ ಏನೋ. ಅತ್ತಿಗೆ ಒಂದೊಂದೇ ಹಾಳೆ ನಿಮ್ಮ ಮುಖದ ಕೆಳಗೆ ಇಟ್ಟರೆ ಸಾಕು, ಓದಿ ಹೇಳಬೇಕಾಗಿಲ್ಲ. ಅವರು ಕನ್ನಡಕ ಹಾಕಿಕೊಳ್ಳದೆ ಓದಲಾರರು, ಮನೆಯ ಉಳಿದವರು ಓದಿದ್ದೆಲ್ಲ ತಮಿಳು. ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ. ಕಣ್ಣು ದಣಿದರೆ ನಿಲ್ಲಿಸಿ, ನಾಳೆ ಓದಿ.

ಮಾವ ಚೆನ್ನಾಗಿದ್ದಾರೆ. ನಿಮ್ಮನ್ನು ಕಾವೇರಿಪಟ್ಣದ ಅಕ್ಕನ ಮನೆಯಿಂದ ಯಾಕೆ ಇಲ್ಲಿಗೆ ಕರೆದುಕೊಂಡು ಬರುತ್ತಿಲ್ಲ ಅಂತ ದಿನಕ್ಕೊಂದು ಸಲ ಕೇಳುತ್ತಾರೆ. ಆಪರೇಷನ್ ಮಾಡಿ ಎಡಗಣ್ಣೊಳಗೆ ಗಾಳಿ ತುಂಬಿದ್ದಾರೆ, ಅದು ಕರಗುವ ತನಕ ಎತ್ತರದ ಊರಿಗೆ ಬರಬಾರದು, ಶೂಲಗಿರಿ ಏರು ಹತ್ತಿದರೆ ಗಾಳಿ ಹಿಗ್ಗಿ ಕಣ್ಣು ಒತ್ತುತ್ತದೆ ಅಂತ ಹೇಳಿದೆ. “ಕಾವೇರಿಪಟ್ಣದಿಂದ ಇಲ್ಲಿಗೆ ಎತ್ತಿನ ಗಾಡೀಲಿ ಬಂದಿವ್ನಿ, ನನ್ ಕಣ್ಣಿಗೇನೂ ಆಗ್ಲಿಲ್ವಲ್ಲ” ಅಂದರು. ಆಮೇಲೆ ತಾವೇ, “ಡಾಕ್ಟ್ರು ಹೇಳಿದ್ಮೇಲೆ ಸರಿ, ಅಲ್ಲೇ ಇರ್ಲಿ” ಅಂದರು. ಎರಡು ಹದ ಮಳೆಯಾಯಿತು. ಮೇಲಿನ ಹೊಲಕ್ಕೆ ರಾಗಿ ಹಾಕಿಸಿದರು. ಮುನಿರತ್ನ ಎಂಟನೇ ಕ್ಲಾಸಿನ ಪುಸ್ತಕಕ್ಕೆಲ್ಲ ತಾನೇ ಬೈಂಡು ಹಾಕಿಕೊಂಡಳು. ಪ್ರತಿ ವರ್ಷ ನೀವು ಹಾಕುತ್ತಿದ್ದಿರಿ, ಈ ಸಲ ನನ್ನನ್ನು ಅವಳು ಹತ್ತಿರವೂ ಸೇರಿಸಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ.

ಆಪರೇಷನ್ ಆದ ನಾಲ್ಕನೇ ದಿನ ಲಕ್ಷ್ಮೀಪತಿಯವರ ಐದು ಸಾಂಪಲ್ ಬೋರ್ಡು ಕೊರಿಯರ್‌ನಲ್ಲಿ ಬಂತು. ಅವರು ಮಾರುವ, ಬೋರ್‌ವೆಲ್ ಮೋಟಾರು ನಡೆಸುವ ಪೆಟ್ಟಿಗೆಗೆ ನೀವು ಮಾಡಿದ ಹೊಸ ಸರ್ಕ್ಯೂಟ್ ಬೋರ್ಡು. ಕಣ್ಣಿಗೆ ಪರದೆ ಇಳಿದ ಹಾಗಾಗುತ್ತಿದೆ ಅಂದ ದಿನಕ್ಕೆ ಮೂರು ದಿನ ಮುಂಚೆ ನೀವು ಅದನ್ನು ಮಾಡಿಸಲು ಕಳಿಸಿದ್ದಿರಿ. ಲಕ್ಷ್ಮೀಪತಿ ಫೋನು ಮಾಡಿ, “ಸುಗುಣಮ್ಮ, ವೇಣು ವಾಸಿಯಾಗಿ ಬರ್ಲಿ, ಅದಕ್ಕೇನು ಅವಸರ ಇಲ್ಲ. ಆದ್ರೆ ಸಾಂಪಲ್ ಒಂದು ನೋಡಿ ಹೇಳ್ಬಿಟ್ರೆ ಇನ್ನೂರು ಪೀಸ್ ಮಾಡೋಕೆ ಕೊಟ್ಬಿಡ್ತೀನಿ” ಅಂದರು. ಸಾಂಪಲ್ ಜೋಡಿಸುವುದು ಹೇಗೂ ಯಾವಾಗಲೂ ನನ್ನ ಕೆಲಸವಲ್ಲವೇ. ಸಿಪ್‌ಕಾಟ್ ಫ್ಯಾಕ್ಟರಿಯಲ್ಲಿ ಆರು ವರ್ಷ ಭೂತಗನ್ನಡಿ ಇಟ್ಟುಕೊಂಡು ಬೆಸುಗೆ ನೋಡಿದ ಕೈ, ಮರೆತಿಲ್ಲ. ಮಾವ ಹೊಲಕ್ಕೆ ಹೋದ ಮೇಲೆ ಮುಂದಿನ ರೂಮಿನಲ್ಲಿ ನಿಮ್ಮ ಮೇಜಿಗೆ ಕೂತು ಒಂದು ಬೋರ್ಡು ಪೂರ್ತಿ ಜೋಡಿಸಿದೆ. ಮೋಟಾರಿನ ಬದಲು ನಲವತ್ತರ ಬಲ್ಬು ಹಾಕಿ ಕರೆಂಟು ಕೊಟ್ಟೆ. ಏನೂ ಒತ್ತದೆಯೇ ಬಲ್ಬು ಹತ್ತಿಕೊಂಡಿತು. ಓಡು ಅನ್ನುವ ಬಟನ್ ಒತ್ತಿದೆ, ಬಲ್ಬು ಆರಿತು. ನಿಲ್ಲು ಅನ್ನುವುದನ್ನು ಒತ್ತಿದೆ, ಮತ್ತೆ ಹತ್ತಿತು.

ಮೊದಲು ನನ್ನದೇ ತಪ್ಪು ಅಂದುಕೊಂಡೆ. ಬೆಸುಗೆ ಎಲ್ಲ ಬಿಚ್ಚಿ ಎರಡನೇ ಬೋರ್ಡು ಜೋಡಿಸಿದೆ. ಅದೂ ಹಾಗೇ. ಆಗ ಮೋಟಾರಿಗೆ ಕರೆಂಟು ಕೊಟ್ಟು ತೆಗೆಯುವ ಆ ಹೊಸ ರಿಲೇ ಕೈಗೆ ತೆಗೆದುಕೊಂಡೆ. ಹಳೆಯದು ಮಾರ್ಕೆಟ್‌ನಲ್ಲಿ ಸಿಗುತ್ತಿಲ್ಲ ಅಂತ ಈ ಸಲ ಬೇರೆ ಕಂಪನಿಯದು ತರಿಸಿದ್ದಿರಲ್ಲ, ಅದು. ಅದರ ಐದು ಕಾಲಿಗೂ ಅವರು ತಮ್ಮದೇ ನಂಬರು ಕೊಟ್ಟಿದ್ದಾರೆ. ಅವರ ಕಾಗದದಲ್ಲಿ ನಕ್ಷೆ ಹೆಬ್ಬೆರಳಿನಷ್ಟು, ನಂಬರು ಸಾಸಿವೆಯಷ್ಟು. ಭೂತಗನ್ನಡಿ ಹಿಡಿದು ನೋಡಿದೆ. ಆರು ಇರುವ ಕಾಲಿಗೆ ನೀವು ಎಂಟು ಅಂತ ಹಾಕಿದ್ದಿರಿ, ಎಂಟು ಇರುವ ಕಾಲಿಗೆ ಆರು. ಒಂದು ಕಾಲು ಮೋಟಾರು ನಿಂತಾಗ ಕರೆಂಟು ಕೊಡುವುದು, ಇನ್ನೊಂದು ಓಡುವಾಗ ಕೊಡುವುದು. ಅವೆರಡು ಅದಲುಬದಲು.

ಯೋಚಿಸಿ ಬಾವ. ಪೆಟ್ಟಿಗೆ ನಿಂತಿದೆ ಅಂತ ತೋರಿಸುತ್ತಿರುತ್ತದೆ, ಒಳಗೆ ಕರೆಂಟು ಹರಿಯುತ್ತಿರುತ್ತದೆ. ನಿಂತಿದೆ ಅಂತ ನಂಬಿ ಯಾರೋ ಒಬ್ಬರು ಒದ್ದೆ ಕಾಲಲ್ಲಿ ಪೈಪು ಬಿಚ್ಚಲು ಹೋಗುತ್ತಾರೆ. ನಮ್ಮ ಮಾವನೇ ಹಾಗೆ ಎಷ್ಟು ಸಲ ಹೋಗಿಲ್ಲ.

ಅವತ್ತು ಮಧ್ಯಾಹ್ನ ಮಾವ ಊಟಕ್ಕೆ ಬಂದಾಗ ನನ್ನ ಮುಖ ನೋಡಿ, “ಏನಮ್ಮ, ಆಸ್ಪತ್ರೆಯಿಂದ ಏನಾರ ಸುದ್ದಿ ಬಂತಾ?” ಅಂತ ಹೆದರಿ ಕೇಳಿದರು. ಅದಲ್ಲ, ಲೈಬ್ರರಿಯಲ್ಲಿ ಒಂದು ತಪ್ಪಾಗಿದೆ ಅಂದೆ. “ಅದ್ಯಾವ್ದು ಲೈಬ್ರರಿ? ವೇಣು ಹತ್ರ ಒಂದು ಪುಸ್ತಕ್ವೂ ಇಲ್ಲ” ಅಂದರು. ಹದಿನೈದು ವರ್ಷದಿಂದ ಮಗ ಮುಂದಿನ ರೂಮಿನಲ್ಲಿ ಏನು ಮಾಡುತ್ತಾನೆ ಅಂತ ಅವರಿಗೆ ನಾವಿಬ್ಬರೂ ಸರಿಯಾಗಿ ಹೇಳಿಯೇ ಇಲ್ಲ ಬಾವ. ಕೂರಿಸಿಕೊಂಡು ಹೇಳಿದೆ. ಬೋರ್ಡಿನ ಮೇಲೆ ಕೂರುವ ಒಂದೊಂದು ವಸ್ತುವಿಗೂ ಇಷ್ಟು ಕಾಲು, ಕಾಲಿಗೂ ಕಾಲಿಗೂ ಇಷ್ಟು ದೂರ, ಇದು ಒಂದನೇ ಕಾಲು, ಇದು ಎರಡನೆಯದು ಅಂತ ಕಂಪ್ಯೂಟರಿನಲ್ಲಿ ಮೊದಲೇ ಅಳತೆ ಬರೆದು ಇಟ್ಟುಕೊಂಡಿರಬೇಕು. ಅದಕ್ಕೆ ಲೈಬ್ರರಿ ಅನ್ನುತ್ತಾರೆ. ನಾವಿಬ್ಬರೂ ಅದನ್ನು ಪಾದ ಅನ್ನುತ್ತೇವೆ. ಒಂದು ಸಲ ಪಾದ ಬರೆದಿಟ್ಟರೆ ಮುಂದೆ ಎಷ್ಟು ಬೋರ್ಡು ಮಾಡಿದರೂ ಅದನ್ನೇ ಎತ್ತಿ ಇಡುವುದು. ಪಾದ ತಪ್ಪಿದರೆ ಅದರ ಮೇಲೆ ಮಾಡಿದ ಬೋರ್ಡೆಲ್ಲ ತಪ್ಪು. ಮಾವ ಮುದ್ದೆ ಮುರಿಯುತ್ತಾ ಕೇಳಿಸಿಕೊಂಡರು. “ಒಂದೊಂದು ಎತ್ತಿನ ಗೊರಸಿಗೂ ಒಂದೊಂದು ಲಾಳ ಅನ್ನು” ಅಂದರು. ಆಮೇಲೆ ಕೈ ತೊಳೆಯಲು ಎದ್ದವರು, “ಅಷ್ಟು ಸಣ್ಣದು ಅವನಿಗೆ ಕಾಣ್ತಿತ್ತೇನಮ್ಮ?” ಅಂದರು.

ಆ ಮಾತು ನನಗೆ ಚುಚ್ಚಿಕೊಂಡಿತು. ರಿಲೇ ಒಂದನ್ನು ಸರಿಮಾಡಿ ಸುಮ್ಮನಾಗಿಬಿಡೋಣ ಅಂತ ಅಲ್ಲಿಯವರೆಗೆ ಅಂದುಕೊಂಡಿದ್ದೆ, ಸುಳ್ಳು ಹೇಳುವುದಿಲ್ಲ. ಆದರೆ ಕಂಪ್ಯೂಟರ್ ಹಾಕಿ ನಿಮ್ಮ ಲೈಬ್ರರಿ ತೆರೆದೆ. ಸಾವಿರದ ನೂರಕ್ಕೂ ಹೆಚ್ಚು ಪಾದಗಳಿವೆ. ನೆಟ್‌ನಲ್ಲಿ ಬೇಕಾದಷ್ಟು ಬಿಟ್ಟಿಯಾಗಿ ಸಿಗುತ್ತವಲ್ಲ, ಯಾಕೆ ಇಷ್ಟು ಕಷ್ಟಪಟ್ಟು ನೀವೇ ಬರೆಯುತ್ತೀರಿ ಅಂತ ಮದುವೆಯಾದ ಹೊಸದರಲ್ಲಿ ಕೇಳಿದ್ದೆ. “ಕಂಡೋರ ಚಪ್ಪಲಿ ಹಾಕ್ಕೊಂಡ್ ಹೋದ್ರೆ ದಾರೀಲಿ ಕಿತ್ತೋಗುತ್ತೆ ಕಣೆ” ಅಂದಿದ್ದಿರಿ. ಆವತ್ತು ವರ್ನಿಯರ್ ನನ್ನ ಕೈಗೆ ಕೊಟ್ಟು, ಪುಟ್ಟ ಕೆಪಾಸಿಟರಿನ ಕಾಲಿನ ದಪ್ಪ ಅಳೆಯುವುದು ಹೇಗೆ ಅಂತ ಹೇಳಿಕೊಟ್ಟಿರಿ. ನಾನು ಹೇಳಿದ ಅಳತೆಯನ್ನು ನೀವು ಮತ್ತೊಮ್ಮೆ ನೋಡಲಿಲ್ಲ, ಹಾಗೇ ಬರೆದುಕೊಂಡಿರಿ. ಯಾರೂ ನನ್ನ ಮಾತನ್ನು ಹಾಗೆ ನಂಬಿರಲಿಲ್ಲ. ಈಗ ನೆನೆದರೂ ಸಂತೋಷವಾಗುತ್ತದೆ.

ಪ್ರತಿ ಪಾದದ ಜೊತೆಗೂ ಅದನ್ನು ಮಾಡಿದ ತಾರೀಕು ಇದೆ. ಹಿಂದಿನ ವರ್ಷದ ಜನವರಿಯಿಂದ ಮಾಡಿದ್ದನ್ನೆಲ್ಲ ಬೇರೆ ಮಾಡಿದೆ, ಎಪ್ಪತ್ತಾರು ಬಂದವು. ದಿನಕ್ಕೆ ಹತ್ತರಂತೆ ಕೂತೆ. ವಸ್ತು ಡಬ್ಬಿಯಲ್ಲಿದ್ದರೆ ವರ್ನಿಯರ್‌ನಲ್ಲಿ ಅಳೆದೆ. ಪಾದವನ್ನು ಅದೇ ಅಳತೆಗೆ ಕಾಗದದ ಮೇಲೆ ಪ್ರಿಂಟ್ ತೆಗೆದು, ಹಳೆ ಥರ್ಮಕೋಲ್ ತುಂಡಿನ ಮೇಲೆ ಹಾಸಿ, ಕಾಲುಗಳನ್ನು ಚುಚ್ಚಿ ನೋಡಿದೆ. ಕಾಲು ಚುಕ್ಕೆಯ ಮೇಲೆ ಕೂತರೆ ಸರಿ. ಆಮೇಲೆ ಕಂಪನಿಯ ಕಾಗದ ಪಕ್ಕಕ್ಕಿಟ್ಟು ಒಂದೊಂದೇ ಕಾಲಿನ ನಂಬರು ಬಾಯಲ್ಲಿ ಹೇಳಿಕೊಂಡು ಟಿಕ್ ಹಾಕಿದೆ. ಮುನಿರತ್ನ ಸ್ಕೂಲಿಂದ ಬಂದವಳು, ಅಮ್ಮ ಮಗ್ಗಿ ಕಲೀತಿದ್ದಾಳೆ ಅಂತ ಅಜ್ಜನಿಗೆ ಹೇಳಿ ನಗುತ್ತಿದ್ದಳು.

ಹನ್ನೊಂದು ತಪ್ಪು ಸಿಕ್ಕವು ಬಾವ. ತಪ್ಪು ಎಷ್ಟು ಅನ್ನುವುದಕ್ಕಿಂತ ಅವುಗಳ ತಾರೀಕು ನೋಡಿ ನನಗೆ ಹೆದರಿಕೆಯಾಯಿತು. ಮೊದಲ ಎಂಟು ತಿಂಗಳು ಒಂದೂ ಇಲ್ಲ. ಸೆಪ್ಟೆಂಬರ್‌ನಲ್ಲಿ ಒಂದು, ಸೊನ್ನೆ ಇರುವ ಕಡೆ ಎಂಟು. ಡಿಸೆಂಬರ್‌ನಲ್ಲಿ ಒಂದು. ಸಂಕ್ರಾಂತಿ ಆದಮೇಲೆ ಎರಡು, ಶಿವರಾತ್ರಿ ಹೊತ್ತಿಗೆ ಮೂರು. ಏಪ್ರಿಲ್‌ನಲ್ಲಿ ನೀವು ಮಾಡಿರುವುದೇ ಐದು, ಅದರಲ್ಲಿ ಮೂರು ತಪ್ಪು. ಕೊನೆಯದು ಮೇ ಒಂಬತ್ತರ ರಿಲೇ. ಮೂರು ಇದ್ದಲ್ಲಿ ಎಂಟು, ಎಂಟು ಇದ್ದಲ್ಲಿ ಆರು, ಒಂಬತ್ತು ಇದ್ದಲ್ಲಿ ಮೂರು. ನಿಮಗೆ ಲೆಕ್ಕ ಬರದೆ ಆದ ತಪ್ಪು ಒಂದೂ ಇರಲಿಲ್ಲ, ಗಮನ ಬೇರೆ ಕಡೆ ಇದ್ದು ಆದದ್ದೂ ಇರಲಿಲ್ಲ. ಸಣ್ಣ ಅಂಕಿಗಳು ನಿಮಗೆ ಕರಗಿ ಕಾಣುತ್ತಿದ್ದವು. ಹತ್ತು ತಿಂಗಳಿಂದ ನಿಮ್ಮ ಕಣ್ಣು ಹೋಗುತ್ತಿತ್ತು, ನೀವು ಯಾರಿಗೂ ಹೇಳದೆ ಅಂದಾಜಿನ ಮೇಲೆ ಕೆಲಸ ಮಾಡುತ್ತಿದ್ದಿರಿ.

ಇನ್ನೂ ಒಂದು ಕಂಡೆ. ಪ್ರತಿ ಪಾದದ ಕೆಳಗೆ ವಿವರ ಬರೆಯುವ ಜಾಗದಲ್ಲಿ ನೀವು ಯಾವಾಗಲೂ ಎಲ್ಲಿಂದ ತಂದದ್ದು, ಯಾರಿಗೆ ಬೇಕಾದದ್ದು ಅಂತ ಒಂದು ಸಾಲು ಬರೆದಿಡುತ್ತಿದ್ದಿರಿ. ಡಿಸೆಂಬರ್ ಆದಮೇಲೆ ಆ ಸಾಲು ಚಿಕ್ಕದಾಗುತ್ತಾ ಬಂದಿದೆ. ರಿಲೇ ಪಾದದ ಕೆಳಗೆ ಒಂದೇ ಮಾತು ಇತ್ತು. “ಸುಗುಣಾಗೆ ತೋರಿಸಬೇಕು.” ಅದನ್ನು ಓದಿ ಎದ್ದು ಹಿತ್ತಲಿಗೆ ಹೋದೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಅತ್ತೆ, ಆಮೇಲೆ ಕೋಪ ಬಂತು. ಬಾಗಿಲಿನಾಚೆ ಅಡಿಗೆಮನೆಯಲ್ಲೇ ಇದ್ದೆನಲ್ಲ ಬಾವ. ಹತ್ತು ಹೆಜ್ಜೆ. ಕರೆದಿದ್ದರೆ ಒರೆಸಿಕೊಂಡ ಕೈಯಲ್ಲೇ ಬರುತ್ತಿದ್ದೆ. ಯಾಕೆ ಕರೆಯಲಿಲ್ಲ ಅಂತ ನನಗೂ ಗೊತ್ತು. ಒಂದು ಸಲ ಕರೆದರೆ ಎರಡನೇ ಸಲವೂ ಕರೆಯಬೇಕು, ಆಗ ಯಾಕೆ ಅಂತ ನಾನು ಕೇಳುತ್ತೇನೆ. ಮಾವನ ಚಹಾಕ್ಕೆ ಹೊತ್ತಾಯಿತು ಅಂತ ಎದ್ದು ಬಂದೆ, ಕೋಪವೂ ಅಲ್ಲಿಗೆ ಇಳಿಯಿತು.

ಹನ್ನೊಂದರಲ್ಲಿ ಒಂಬತ್ತು ಇನ್ನೂ ಯಾವ ಬೋರ್ಡಿಗೂ ಹೋಗಿರಲಿಲ್ಲ, ದೇವರು ದೊಡ್ಡವನು. ಒಂದು ಈ ರಿಲೇ. ಇನ್ನೊಂದು ಬಾಗಲೂರು ರಸ್ತೆಯ ಚಲಪತಿಯವರ ಬ್ಯಾಟರಿ ಚಾರ್ಜರಿನ ಕನೆಕ್ಟರು. ಅವರು ಆ ಬೋರ್ಡು ಮಾಡಿಸಿ ನಾಲ್ಕು ತಿಂಗಳಾಗಿತ್ತು. ಫೋನು ಕೈಗೆ ತೆಗೆದುಕೊಂಡು ಇಡುವುದು, ತೆಗೆದುಕೊಂಡು ಇಡುವುದು, ಹೀಗೇ ಒಂದು ಬೆಳಿಗ್ಗೆ ಕಳೆಯಿತು. ಕೊನೆಗೆ ಮಾಡಿ, ನಮ್ಮ ಕಡೆಯಿಂದ ಒಂದು ತಪ್ಪಾಗಿದೆ, ಕನೆಕ್ಟರಿನ ಕಾಲುಗಳ ದೂರ 3.96 ಇರಬೇಕಾದ್ದು 3.36 ಆಗಿದೆ ಅಂತ ಒಂದೇ ಉಸಿರಿಗೆ ಹೇಳಿದೆ. ಅವರು ಒಂದು ಬೋರ್ಡು ತರಿಸಿ ನೋಡಿದರು. ಆಮೇಲೆ, “ಅಯ್ಯೋ, ಅದಕ್ಕೇನಾ ಕೂರ್ತಾ ಇರ್ಲಿಲ್ಲ? ನಮ್ಮ ಹುಡುಗೀರು ನಾಲ್ಕು ತಿಂಗಳಿಂದ ಒಂದೊಂದಕ್ಕೂ ಇಕ್ಕಳದಲ್ಲಿ ಕಾಲು ಬಗ್ಗಿಸಿ ಬಗ್ಗಿಸಿ ಹಾಕ್ತಾ ಅವ್ರೆ. ವೇಣು ಸಾರ್ ಬೇಕೂಂತ್ಲೇ ಹಂಗ್ ಮಾಡಿರ್ತಾರೆ, ಬಿಗಿಯಾಗಿ ಇರ್ಲಿ ಅಂತ, ಅಂದ್ಕೊಂಡಿದ್ವಿ” ಅಂದರು. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ನಿಮ್ಮ ಮೇಲೆ ಜನಕ್ಕೆ ಎಷ್ಟು ನಂಬಿಕೆ ನೋಡಿ, ನಿಮ್ಮ ತಪ್ಪಿಗೂ ಒಂದು ಕಾರಣ ಇರುತ್ತದೆ ಅಂದುಕೊಂಡಿದ್ದಾರೆ. ಮುಂದಿನ ಸಲ ಮಾಡಿಸುವಾಗ ಸರಿಮಾಡಿ ಕೊಡಿ ಅಂದರು, ಅಷ್ಟೇ.

ಲಕ್ಷ್ಮೀಪತಿಯವರದು ಅಷ್ಟು ಸುಲಭವಾಗಲಿಲ್ಲ. ಅವರು ತಾವೇ ಬೈಕಿನಲ್ಲಿ ಮನೆಗೆ ಬಂದರು. ಬಲ್ಬು ಹಾಕಿ ತೋರಿಸಿದೆ. ಓಡು ಅಂದರೆ ಆರುವುದನ್ನೂ ನಿಲ್ಲು ಅಂದರೆ ಹತ್ತುವುದನ್ನೂ ತಾವೇ ಒತ್ತಿ ಒತ್ತಿ ನೋಡಿದರು. ಯಾಕೆ ಹೀಗಾಯಿತು ಅಂತ ಕೇಳಿದರು. ನಾನು ಸುತ್ತಿ ಬಳಸಲಿಲ್ಲ. ಅವರಿಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ, ಆರು ಎಂಟಾಗಿ ಕಂಡಿದೆ ಅಂದೆ. ನಿಮ್ಮನ್ನು ಕೇಳದೆ ಹೇಳಿಬಿಟ್ಟೆ, ಕ್ಷಮಿಸಿ. ಅವರು ಚೀಟಿಯಷ್ಟು ಮಡಿಸಿದ ಕರ್ಚೀಫಿನಲ್ಲಿ ಮುಖ ಒರೆಸಿಕೊಂಡು, “ಸುಗುಣಮ್ಮ, ತಪ್ಪು ತಿಳ್ಕೋಬೇಡಿ. ನಂದು ರೈತರ ಜೀವದ ವ್ಯವಹಾರ. ನಮ್ಮ ಬೋರ್ಡಿನ ಫೈಲು, ವೇಣು ಲೈಬ್ರರಿ, ಎಲ್ಲಾ ಒಂದು ಪೆನ್‌ಡ್ರೈವ್‌ಗೆ ಹಾಕ್ಕೊಡಿ. ಬೆಂಗಳೂರಲ್ಲಿ ಒಂದು ಕಂಪನಿಯೋರು ಮುಂದಕ್ಕೆ ನೋಡ್ಕೊಳ್ತಾರೆ” ಅಂದರು. ಕೆಟ್ಟ ಮನುಷ್ಯ ಅಲ್ಲ, ನಿಮಗೇ ಗೊತ್ತು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ.

ಆಗ ನನಗೆ ಎಲ್ಲಿಂದ ಧೈರ್ಯ ಬಂತೋ ಕಾಣೆ. ನಿಮ್ಮ ಬೋರ್ಡಿನ ಫೈಲು ನಿಮ್ಮದು, ಈಗಲೇ ಕೊಡುತ್ತೇನೆ, ಲೈಬ್ರರಿ ಮಾತ್ರ ಈಗ ಕೊಡುವುದಿಲ್ಲ ಅಂದೆ. ಯಾಕೆ ಅಂದರು. ಅದರಲ್ಲಿ ತಪ್ಪುಗಳಿವೆ, ತಪ್ಪು ಅಂತ ಗೊತ್ತಿದ್ದೂ ಕೊಟ್ಟರೆ ಅವರು ಅದನ್ನೇ ನಂಬಿ ಇನ್ನೊಬ್ಬರಿಗೆ ಬೋರ್ಡು ಮಾಡುತ್ತಾರೆ, ನನಗೆ ಎಂಟು ದಿನ ಕೊಡಿ ಅಂದೆ. ಎಂಟು ದಿನದಲ್ಲಿ ನೀವೊಬ್ಬರೇ ಏನು ಮಾಡುತ್ತೀರಿ ಅನ್ನುವ ಹಾಗೆ ನೋಡಿದರು. ಜಗುಲಿಯ ಮೇಲೆ ಕೂತಿದ್ದ ಮಾವ ಅಲ್ಲಿಂದಲೇ, “ಅವ್ಳು ಮಾಡ್ತಾಳೆ ಕಣಪ್ಪ. ದಿನಾ ಕುಂತ್ಕಂಡು ಚುಚ್ತಾ ಅವ್ಳೆ, ನಾನೇ ನೋಡ್ತಿವ್ನಲ್ಲ” ಅಂದರು. ಲಕ್ಷ್ಮೀಪತಿ ನಕ್ಕರು, ಆಮೇಲೆ ಸರಿ ಅಂತ ಎದ್ದರು.

ಎಂಟು ದಿನ ಬೇಕಾಗಲಿಲ್ಲ, ಆರರಲ್ಲಿ ಮುಗಿಸಿದೆ. ಹನ್ನೊಂದನ್ನೂ ಸರಿಮಾಡಿದೆ. ನಿಮ್ಮ ಹಳೆ ಲೈಬ್ರರಿಯನ್ನು ಮುಟ್ಟಲಿಲ್ಲ, ಅದರ ಒಂದು ಪ್ರತಿಯನ್ನು ಹಾಗೇ ಬೇರೆ ತೆಗೆದಿಟ್ಟಿದ್ದೇನೆ. ಹೊಸದರಲ್ಲಿ ಎರಡು ಭಾಗ ಮಾಡಿದೆ. ಒಂದಕ್ಕೆ ‘ನೋಡಿಲ್ಲ’, ಇನ್ನೊಂದಕ್ಕೆ ‘ನೋಡಿದೆ’ ಅಂತ ಹೆಸರು. ಹೊಸ ಪಾದ ಯಾವುದೇ ಬರಲಿ, ಮೊದಲು ‘ನೋಡಿಲ್ಲ’ದಲ್ಲೇ ಇರಬೇಕು. ಮಾಡಿದವರಲ್ಲದೆ ಬೇರೆ ಒಬ್ಬರು ಅಳೆದು, ಚುಚ್ಚಿ, ನಂಬರು ನೋಡಿ ಆದಮೇಲೆ ‘ನೋಡಿದೆ’ಗೆ ಹೋಗಬೇಕು. ಅಲ್ಲಿಗೆ ಬರದ ಪಾದವನ್ನು ಬೋರ್ಡಿಗೆ ಎತ್ತಿ ಇಡಬಾರದು. ಸಿಪ್‌ಕಾಟ್‌ನಲ್ಲಿ ನಮ್ಮ ಲೈನಿನಲ್ಲಿ ಇದೇ ನಿಯಮ ಇತ್ತು, ಜೋಡಿಸಿದವಳು ತನ್ನದನ್ನು ತಾನೇ ಪಾಸು ಮಾಡುವಂತಿರಲಿಲ್ಲ. ಎಷ್ಟೇ ಜಾಣೆ ಇದ್ದರೂ ಸರಿಯೇ. ನಿಮ್ಮದು ಸಾವಿರದ ಚಿಲ್ಲರೆ ಹಳೆಯವು ಇವೆಯಲ್ಲ, ಅವು ಇಷ್ಟು ವರ್ಷ ಬೋರ್ಡಿನ ಮೇಲೆ ಓಡಿ ಓಡಿ ಸರಿ ಅಂತ ಆಗಿರುವಂಥವು. ಅವನ್ನು ಹಾಗೇ ‘ನೋಡಿದೆ’ಗೆ ಹಾಕಿದ್ದೇನೆ.

ಮೊನ್ನೆ ಬುಧವಾರ ಲಕ್ಷ್ಮೀಪತಿ ಮತ್ತೆ ಬಂದರು. ರಿಲೇಯನ್ನು ಅವರ ಕೈಗೇ ಕೊಟ್ಟು ಕಾಗದದ ಮೇಲೆ ಚುಚ್ಚಿಸಿದೆ. ಐದು ಕಾಲೂ ಚುಕ್ಕೆಯ ಮೇಲೆ ಇಳಿದವು. ಭೂತಗನ್ನಡಿ ಕೊಟ್ಟು ನಂಬರುಗಳನ್ನು ಅವರ ಬಾಯಿಂದಲೇ ಓದಿಸಿದೆ. ಆಮೇಲೆ ಸಾಂಪಲ್ ಬೋರ್ಡಿನಲ್ಲಿ ಕರೆಂಟು ಹರಿಯುವ ಎರಡು ದಾರಿ ಕತ್ತರಿಸಿ, ವೈರು ಅಡ್ಡ ಹಾಕಿ ಸರಿಮಾಡಿದ್ದನ್ನು ಓಡಿಸಿ ತೋರಿಸಿದೆ. ಅವರು ಸುಮಾರು ಇಪ್ಪತ್ತು ಸಲ ಒತ್ತಿರಬೇಕು. ಬಲ್ಬು ಹೇಳಿದ ಮಾತು ಕೇಳಿತು. ಕೊನೆಗೆ ಕೈ ಕಟ್ಟಿಕೊಂಡು ಕೂತು, “ವೇಣು ವಾಪಸ್ ಬಂದ್ಮೇಲೂ ನೀವು ನೋಡ್ತೀರಾ?” ಅಂತ ಕೇಳಿದರು. ಅವರು ಬಂದ ಮೇಲೂ ನಾನು ನೋಡುತ್ತೇನೆ, ಮಾಡಿದವರ ಜೊತೆ ನೋಡಿದವರ ಹೆಸರೂ ಇಲ್ಲದ ಪಾದ ಈ ಮನೆಯಿಂದ ಹೊರಗೆ ಹೋಗುವುದಿಲ್ಲ ಅಂದೆ. “ಹಂಗಾದ್ರೆ ಬೆಂಗಳೂರಿನೋರು ಬೇಡ ಬಿಡಿ” ಅಂದರು. ಪೆನ್‌ಡ್ರೈವ್ ಕೇಳಲಿಲ್ಲ. ನೀವು ಬಂದು ಬೋರ್ಡಿನ ದಾರಿ ಸರಿಮಾಡಿದ ಮೇಲೆ ಇನ್ನೊಂದು ಸಲ ಐದು ಸಾಂಪಲ್ ಮಾಡಿಸಿ, ನೀವು ಒಂದು ಸಲ ಕೈಯಲ್ಲಿ ಹಿಡಿದು ನೋಡಿದ ನಂತರ ಇನ್ನೂರಕ್ಕೆ ಕೊಡುತ್ತಾರಂತೆ. ನಿಮ್ಮನ್ನು ಕೇಳಿದೆ ಅಂತ ಹೇಳಲು ಹೇಳಿದ್ದಾರೆ.

ಅತ್ತಿಗೆ ಒಂದು ಮಾತು ಹೇಳಿದರು. ಇನ್ನು ಈ ಕೆಲಸ ನನ್ನಿಂದ ಆಗುವುದಿಲ್ಲ, ಕಂಪ್ಯೂಟರ್ ಯಾರಿಗಾದರೂ ಕೊಟ್ಟುಬಿಡು ಅಂತ ಸುಗುಣಾಗೆ ಹೇಳಕ್ಕ ಅಂದಿರಂತೆ, ನೆಲ ನೋಡುತ್ತಾ. ನನಗೆ ನೇರವಾಗಿ ಹೇಳಲಾಗದ್ದು ಅಕ್ಕನ ಕೈಲಿ ಹೇಳಿಸುತ್ತೀರಿ. ಅದಕ್ಕೆ ಉತ್ತರ ಇಲ್ಲೇ ಬರೆಯುತ್ತೇನೆ. ನಾನು ಪಾದ ಅಳೆಯಬಲ್ಲೆ, ಅಷ್ಟೇ. ಆ ಬೋರ್ಡಿನಲ್ಲಿ ಕರೆಂಟಿನ ದಾರಿ ಯಾಕೆ ಅಷ್ಟು ಅಗಲ, ಸಿಗ್ನಲ್ಲಿನದು ಯಾಕೆ ಬಳಸಿಕೊಂಡು ಹೋಗಿದೆ, ಯಾವುದರ ಪಕ್ಕ ಯಾವುದನ್ನು ಇಡಬಾರದು, ಒಂದೂ ನನಗೆ ಗೊತ್ತಿಲ್ಲ. ರಿಲೇ ಸರಿಮಾಡಿದ ಮೇಲೆ ಕಂಪ್ಯೂಟರಿನಲ್ಲಿ ಆ ಎರಡು ದಾರಿ ಮತ್ತೆ ಎಳೆಯಲು ಮೂರು ಸಲ ಪ್ರಯತ್ನ ಮಾಡಿದೆ, ಮೂರು ಸಲವೂ ಬೇರೆ ದಾರಿಯನ್ನು ಕಡಿದುಕೊಂಡು ಹೋಯಿತು. ಅದು ನಿಮಗಾಗಿ ಹಾಗೇ ಇದೆ. ಎಡಗಣ್ಣು ಎಷ್ಟು ಬರುತ್ತದೋ ಬರಲಿ, ಬಲಗಣ್ಣಿಗೆ ಲೇಸರ್ ಆಗಿದೆ, ಅದು ಉಳಿಯುತ್ತದೆ ಅಂದಿದ್ದಾರೆ. ದಾರಿಯನ್ನು ಕಂಪ್ಯೂಟರಿನಲ್ಲಿ ದೊಡ್ಡದಾಗಿ ಮಾಡಿಕೊಂಡು ಎಳೆಯಬಹುದು. ಸಾಸಿವೆಯಷ್ಟು ಇರುವುದನ್ನೆಲ್ಲ ನಾನು ಓದುತ್ತೇನೆ. ನನಗೂ ಆ ಮೇಜಿನಲ್ಲಿ ಕೂತುಕೊಳ್ಳುವುದು ಇಷ್ಟವಾಗಿಬಿಟ್ಟಿದೆ ಬಾವ. ಕಂಪ್ಯೂಟರ್ ಯಾರಿಗೂ ಕೊಡುವುದಿಲ್ಲ. ಇನ್ನೊಂದು ಕುರ್ಚಿ ಬೇಕು, ಅದನ್ನು ಮಾವ ಆಗಲೇ ಅಟ್ಟದಿಂದ ಇಳಿಸಿ ಒಂದು ಕಾಲಿಗೆ ಚೆಕ್ಕೆ ಹೊಡೆಯುತ್ತಿದ್ದಾರೆ.

ಕೈ ನೋಯುತ್ತಿದೆ, ದಪ್ಪ ಅಕ್ಷರ ಬರೆದು ಅಭ್ಯಾಸವಿಲ್ಲ. ಅತ್ತಿಗೆಗೂ ಮಕ್ಕಳಿಗೂ ನನ್ನ ನೆನಪು ಹೇಳಿ. ಮಾವ ತಮ್ಮ ಆಶೀರ್ವಾದ ತಿಳಿಸಲು ಹೇಳಿದ್ದಾರೆ, ಕತ್ತು ನೇರ ಮಾಡಬೇಡ ಅಂತಲೂ ಹೇಳಿದ್ದಾರೆ. ಮುನಿರತ್ನ ಕೊನೆ ಹಾಳೆಯ ಹಿಂದೆ ಏನೋ ಬರೆದಿದ್ದಾಳೆ, ನಾನು ನೋಡಕೂಡದಂತೆ. ಹೊತ್ತಿಗೆ ಸರಿಯಾಗಿ ಕಣ್ಣಿಗೆ ಡ್ರಾಪ್ಸ್ ಹಾಕಿಸಿಕೊಳ್ಳಿ, ಗಾಳಿ ಬೇಗ ಕರಗಲಿ, ಏರು ಹತ್ತಿ ಮನೆಗೆ ಬನ್ನಿ.

ನಿಮ್ಮ
ಸುಗುಣಾ

ಮರೆತಿದ್ದೆ: ಮರೆತಿದ್ದಲ್ಲ, ಇಷ್ಟು ಹಾಳೆ ಬರೆದರೂ ಬರೆಯದೆ ಬಿಟ್ಟಿದ್ದು. ಕವರು ಅಂಟಿಸುವ ಮೊದಲು ಬರೆಯುತ್ತೇನೆ. ಕಳೆದ ಕಾರ್ತೀಕದಲ್ಲಿ ನಮ್ಮೂರ ಶಾಲೆಯಲ್ಲಿ ಕಣ್ಣಿನ ಕ್ಯಾಂಪು ಹಾಕಿದ್ದರಲ್ಲ. ಅಲ್ಲಿ ಕಣ್ಣು ನೋಡುತ್ತಿದ್ದ ಹುಡುಗಿ ಬಲಗಣ್ಣು ಮುಚ್ಚಿಕೊಂಡು ಓದಿ ಅಂದಳು. ನೀವು ಅಂಗೈ ಇಟ್ಟಿರಿ, ಬೆರಳು ಸ್ವಲ್ಪ ಬಿಡಿಸಿ ಸಂದಿಯಲ್ಲಿ ಬಲಗಣ್ಣಿನಿಂದಲೇ ನೋಡಿ ಎಲ್ಲ ಅಕ್ಷರ ಸರಿಯಾಗಿ ಹೇಳಿದಿರಿ. ಅವಳು ಬರೆದುಕೊಳ್ಳುತ್ತಿದ್ದಳು, ನೋಡಲಿಲ್ಲ. ಸಾಲಿನಲ್ಲಿ ನಿಮ್ಮ ಹಿಂದೆ ನಿಂತಿದ್ದ ನಾನು ನೋಡಿದೆ. ಆವತ್ತೇ ಹೇಳಿದ್ದರೆ ಏಳು ತಿಂಗಳ ಮುಂಚೆಯೇ ಆಸ್ಪತ್ರೆಗೆ ಹೋಗುತ್ತಿದ್ದೆವು. ನೀವು ಚೆನ್ನಾಗಿದ್ದೀರಿ ಅನ್ನುವುದು ನನಗೂ ಬೇಕಾಗಿತ್ತು, ಅದಕ್ಕೆ ಸುಮ್ಮನಾದೆ. ಇದನ್ನು ಮಾವನಿಗೂ ಹೇಳಿಲ್ಲ. ಮಂಗಳವಾರ ಸೇಲಂ ಡಾಕ್ಟರ ಹತ್ತಿರ ನಾನೂ ಬರುತ್ತೇನೆ, ಒಳಗೆ ನಿಮ್ಮ ಪಕ್ಕದಲ್ಲೇ ಕೂರುತ್ತೇನೆ. ಗೋಡೆಯ ಮೇಲಿನ ಅಕ್ಷರ ಕಾಣದಿದ್ದರೆ ಕಾಣುವುದಿಲ್ಲ ಅಂತಲೇ ಹೇಳಿ. ಬಲಗಣ್ಣಿನ ಮೇಲೆ ಕೈ ಇಡುವುದು ನಾನು.